ಗುಲಗಂಜಿಯ ತೂಕವೂ ಬೆಳಕಿನ ಅಳತೆಯೂ: ಅರೆವಾಹಕ ಸೂಕ್ಷ್ಮಕಣಗಳ ವರ್ಣಶೋಧನೆಯ ಚರಿತ್ರೆ

ಕಪಿಲೆಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ ಗುಂಜಾನರಸಿಂಹಸ್ವಾಮಿಯ ದೇವಾಲಯವಿರುವುದು ವಾಚಕರಿಗೆ ವಿದಿತವೇ ಆಗಿದೆ. ಸ್ವಾಮಿಯ ಕೈಯಲ್ಲಿ ಗುಲಗಂಜಿಯಿರುವುದೆಂದೂ, ಪುಣ್ಯದ ತಕ್ಕಡಿಯಲ್ಲಿ ಈ ಕ್ಷೇತ್ರವು ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚು ತೂಗುವುದೆಂದೂ ಆ ಪ್ರಾಂತದವರು ಹೇಳುವ ರೂಢಿಯುಂಟು. ಕ್ಷೇತ್ರಮಹಿಮೆಯ ವಿಚಾರವನ್ನು ಪೌರಾಣಿಕರಿಗೆ ಬಿಟ್ಟರೂ, ಎರಡು ಮಹಾಕ್ಷೇತ್ರಗಳ ತಾರತಮ್ಯವನ್ನು ಅಕ್ಕಸಾಲೆಯ ಕಿರುತೂಕದಿಂದ ಹೇಳಿದ ಜನರ ಬುದ್ಧಿಯನ್ನು ಮೆಚ್ಚಲೇಬೇಕು. ಗುಲಗಂಜಿಯ ತೂಕವು ಈಗಿನ ಲೆಕ್ಕದಲ್ಲಿ ಸುಮಾರು ೧೨೦ ಮಿಲಿಗ್ರಾಂ. ಅಷ್ಟು ತೂಕದ ಕ್ಯಾಡ್ಮಿಯಂ ಗಂಧಕಿದವನ್ನು ೪ ನ್ಯಾನೋಮೀಟರ್ ವ್ಯಾಸದ ಕಣಗಳನ್ನಾಗಿ ಒಡೆದುದಾದರೆ, ಏಳು ಸಾವಿರ ಕೋಟಿ ಕೋಟಿಗೂ ಮಿಗಿಲಾದ ಕಣಗಳು ದೊರೆಯುತ್ತವೆ. ಒಂದೊಂದರಲ್ಲಿಯೂ ಸುಮಾರು ೧,೩೦೦ ಪರಮಾಣುಗಳಿರುತ್ತವೆ. ಇಂಥ ಕಣವನ್ನು ತಕ್ಕಡಿಯಲ್ಲಿಡುವಂತಿಲ್ಲ, ಕಣ್ಣಿನಿಂದ ನೋಡುವಂತಿಲ್ಲ. ಆದರೂ ಅದರೊಳಗಿನ ಎಲೆಕ್ಟ್ರಾನುಗಳು ಯಾವ ಯಾವ ಶಕ್ತಿಯ ಮೆಟ್ಟಿಲುಗಳಲ್ಲಿ ನಿಂತಿವೆಯೆಂಬುದನ್ನು ಬೆಳಕಿನಿಂದ ಅಳೆಯಲು ಸಾಧ್ಯವಾಗಿದೆ. ಆ ಅಳತೆಯು ಹೇಗೆ ಬೆಳೆದುಬಂದಿತು, ಅದರಲ್ಲಿ ನಮ್ಮ ನಾಡಿನವರ ಪಾತ್ರವೇನು, ಅದರ ಹೆಸರಿನಲ್ಲಿ ಈಚೆಗೆ ನಮ್ಮ ಪ್ರಾಚೀನರ ಮೇಲೆ ಹೊರಿಸಲಾಗುತ್ತಿರುವ ಒಂದು ಕೀರ್ತಿಯು ಎಷ್ಟರ ಮಟ್ಟಿಗೆ ಯುಕ್ತ, ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ವಿಷಯವನ್ನು ನಂಜನಗೂಡಿನಿಂದಲೇ ಪ್ರಾರಂಭಿಸಬಹುದು. ಅಲ್ಲಿಯ ಶ್ರೀಕಂಠೇಶ್ವರನ ಸನ್ನಿಧಿಯಲ್ಲಿ ಒಂದು ಹಸುರು ಕಲ್ಲಿನ ಲಿಂಗವಿದೆ. ತನ್ನ ಆನೆಯ ಕಣ್ಣಿನ ಬೇನೆಯು ಸ್ವಾಮಿಯ ಕೃಪೆಯಿಂದ ವಾಸಿಯಾಯಿತೆಂದು ಟಿಪ್ಪು ಸುಲ್ತಾನನು ಅದನ್ನು ಒಪ್ಪಿಸಿ, ಸ್ವಾಮಿಯನ್ನು ಹಕೀಂ ನಂಜುಂಡನೆಂದು ಕರೆದನೆಂದು ಪ್ರತೀತಿ. ಜನರು ಅದನ್ನು ಪಚ್ಚೆಯ ಲಿಂಗವೆನ್ನುವರು. ಬರೆದವರಲ್ಲಿ ಕೆಲವರು ಮರಕತವೆಂದೂ ಕೆಲವರು ಜೇಡೆಂಬ ಬೇರೊಂದು ಶಿಲೆಯೆಂದೂ ಹೇಳಿದ್ದಾರೆ. ಇಂಥ ಸಂದೇಹವನ್ನು ಕಲ್ಲಿಗೆ ಉಳಿಯನ್ನು ತಾಗಿಸದೆ, ಅದರಿಂದ ಹೊರಬರುವ ಬೆಳಕನ್ನು ಬಿಡಿಸಿ ನೋಡುವುದರಿಂದಲೇ ತೀರಿಸಬಹುದು. ಮರಕತದ ಹಸುರು ಕ್ರೋಮಿಯಮ್ಮಿನದಾದರೆ, ವರ್ಣಪಟಲದ ಕೆಂಪಿನಲ್ಲಿ, ೬೮೦ ನ್ಯಾನೋಮೀಟರಿನ ಆಸುಪಾಸಿನಲ್ಲಿ, ಸಣ್ಣ ಕಪ್ಪುಗೆರೆಗಳು ತೋರುತ್ತವೆ. ಜೇಡಿನ ಒಂದು ಜಾತಿಯಲ್ಲಿ ಕಬ್ಬಿಣದ ಗುರುತಾದ ಗೆರೆಯು ನೇರಿಳೆಯ ಕಡೆ, ೪೩೭ ರ ಹತ್ತಿರ ಬೀಳುತ್ತದೆ. ಕಣ್ಣಿಗೆ ಎರಡೂ ಹಸುರೇ. ಬೆಳಕಿನ ಲೆಕ್ಕದಲ್ಲಿ ಅವು ಬೇರೆ ಬೇರೆ ಕುಲದವು. ಈ ಎರಡು ಕಲ್ಲುಗಳಲ್ಲಿಯೂ ಬಣ್ಣವು ಕಲ್ಲಿನ ಸ್ವಂತದ್ದಲ್ಲ, ಅದರೊಳಗೆ ಬಂದು ಸೇರಿದ ಅನ್ಯಧಾತುವಿನದು ಎಂಬುದನ್ನು ನೆನಪಿನಲ್ಲಿಡಬೇಕು. ಮುಂದೆ ಈ ಭೇದವು ಪ್ರಯೋಜನಕ್ಕೆ ಬರುತ್ತದೆ.

ನಂಜನಗೂಡು ವೈದ್ಯಕ್ಕೂ ಹೆಸರಾದ ಊರು. ೧೯೧೩ ರಲ್ಲಿ ಬಿ. ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿಯೊಡನೆ ಊರಿನ ಹೆಸರೂ ಮನೆಮನೆಯನ್ನು ಸೇರಿತು. ಆಯುರ್ವೇದದ ರಸಶಾಸ್ತ್ರವನ್ನು ಬಲ್ಲವರಿಗೆ ಕಜ್ಜಲಿಯೂ ರಸಸಿಂಧೂರವೂ ಪರಿಚಿತವಾದ ವಸ್ತುಗಳು. ಶೋಧಿಸಿದ ಪಾದರಸವನ್ನೂ ಗಂಧಕವನ್ನೂ ಕಲ್ವದಲ್ಲಿ ಹಾಕಿ ಅರೆಯುತ್ತ ಹೋದರೆ, ಬೆಳ್ಳಗೆ ಹೊಳೆಯುವ ರಸವೂ ಹಳದಿಯ ಗಂಧಕವೂ ಮರೆಯಾಗಿ ಕಾಡಿಗೆಯಂಥ ಕರಿಯ ಪುಡಿಯಾಗುತ್ತದೆ. ಇದೇ ಕಜ್ಜಲಿ. ಇದನ್ನು ಬಟ್ಟೆಮಣ್ಣು ಮೆತ್ತಿದ ಗಾಜಿನ ಕುಪ್ಪಿಯಲ್ಲಿ ತುಂಬಿ, ವಾಲುಕಾಯಂತ್ರದಲ್ಲಿ, ಎಂದರೆ ಮರಳು ತುಂಬಿದ ಪಾತ್ರೆಯಲ್ಲಿ ಹೂತು, ಕ್ರಮವಾಗಿ ಉರಿಯನ್ನು ಏರಿಸಿದರೆ, ಪದಾರ್ಥವು ಆವಿಯಾಗಿ ಮೇಲಕ್ಕೇರಿ ಕುಪ್ಪಿಯ ಕೊರಳಿನಲ್ಲಿ ಕೆಂಪಗೆ ಕಟ್ಟಿಕೊಳ್ಳುತ್ತದೆ. ಇದು ರಸಸಿಂಧೂರ. ರಸಾಯನಜ್ಞನು ಎರಡನ್ನೂ ಪರೀಕ್ಷಿಸಿ ಎರಡೂ ಪಾದರಸದ ಗಂಧಕಿದವೇ ಎನ್ನುತ್ತಾನೆ. ಧಾತುಗಳು ಅವೇ, ಪರಮಾಣುಗಳ ಪ್ರಮಾಣವೂ ಅದೇ. ಹಾಗಾದರೆ ಕಪ್ಪು ಕೆಂಪಾದುದು ಹೇಗೆ?

ಈ ಪ್ರಶ್ನೆಗೆ ಉತ್ತರವು ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಫೆಲಿಕ್ಸ್ ಬ್ಲಾಖನು ೧೯೨೮ ರಲ್ಲಿ ಹರಳಿನೊಳಗಣ ಎಲೆಕ್ಟ್ರಾನಿನ ನಡೆಯನ್ನು ಗಣಿತದಿಂದ ನಿರೂಪಿಸಿದನು. ೧೯೩೧ ರಲ್ಲಿ ಎ. ಎಚ್. ವಿಲ್ಸನನು ಅದನ್ನೇ ಮುಂದುವರಿಸಿ ವಾಹಕ, ಅವಾಹಕ, ಅರೆವಾಹಕಗಳ ಭೇದವನ್ನು ತಿಳಿಸಿಕೊಟ್ಟನು. ಬಿಡಿ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳಿಗೆ ಬಿಡಿಬಿಡಿಯಾದ ಶಕ್ತಿಯ ಮೆಟ್ಟಿಲುಗಳಿರುತ್ತವೆ. ಅಸಂಖ್ಯ ಪರಮಾಣುಗಳು ಹರಳಾಗಿ ಕೂಡಿದಾಗ ಈ ಮೆಟ್ಟಿಲುಗಳು ಒಂದರ ಪಕ್ಕದಲ್ಲೊಂದು ಒತ್ತೊತ್ತಾಗಿ ನಿಂತು ಪಟ್ಟೆಗಳಾಗುತ್ತವೆ. ಕೆಳಗಿನ ಪಟ್ಟೆಯು ಎಲೆಕ್ಟ್ರಾನುಗಳಿಂದ ತುಂಬಿರುತ್ತದೆ, ಮೇಲಿನದು ಬರಿದಾಗಿರುತ್ತದೆ. ಇವೆರಡರ ನಡುವೆ ಎಲೆಕ್ಟ್ರಾನು ನಿಲ್ಲಲಾಗದ ಒಂದು ಅಂತರವಿರುತ್ತದೆ. ಬೆಳಕಿನ ಕಣವು ಈ ಅಂತರಕ್ಕಿಂತ ಕಡಮೆಯ ಶಕ್ತಿಯದಾದರೆ ಹರಳು ಅದನ್ನು ಹಾಯಗೊಡುತ್ತದೆ. ಹೆಚ್ಚಿನದಾದರೆ ಹೀರಿಕೊಂಡು ಒಂದು ಎಲೆಕ್ಟ್ರಾನನ್ನು ಮೇಲಕ್ಕೆ ಏರಿಸುತ್ತದೆ. ಕಜ್ಜಲಿಯಲ್ಲಿರುವ ಕರಿಯ ಗಂಧಕಿದದ ದೊಡ್ಡ ಹರಳಿನಲ್ಲಿ ಅಂತರವೆಂಬುದೇ ಇಲ್ಲವೆನ್ನಬಹುದು. ಆದಕಾರಣ ಅದು ಬಂದ ಬೆಳಕನ್ನೆಲ್ಲ ನುಂಗುತ್ತದೆ. ರಸಸಿಂಧೂರದಲ್ಲಿ ಪರಮಾಣುಗಳ ಜೋಡಣೆ ಬೇರೆಯಾದುದರಿಂದ ಸುಮಾರು ೨ ಎಲೆಕ್ಟ್ರಾನ್ ವೋಲ್ಟಿನ ಅಂತರವು ತೆರೆದುಕೊಳ್ಳುತ್ತದೆ. ನೀಲಿ ಹಸುರುಗಳು ಹೀರಿಹೋಗಿ ಕೆಂಪು ಮಾತ್ರ ಮರಳಿ ಬರುತ್ತದೆ. ಮರಕತದ ಹಸುರು ಅತಿಥಿಯದು. ಸಿಂಧೂರದ ಕೆಂಪು ಮನೆಯ ಒಡೆಯನದೇ. ರಸವೈದ್ಯನು ಕುಪ್ಪಿಯ ಕೊರಳಿನ ಬಣ್ಣವನ್ನು ನೋಡಿ ಪಾಕವನ್ನು ನಿರ್ಣಯಿಸುವಾಗ, ತಾನರಿಯದೆಯೇ ಈ ಅಂತರವನ್ನು ನೋಡುತ್ತಿದ್ದನೆಂದು ಹೇಳಿದರೆ ತಪ್ಪಾಗಲಾರದು.

ಇಷ್ಟಕ್ಕೆ ತೃಪ್ತರಾಗದೆ, ಭಸ್ಮಗಳನ್ನು ಮಾಡಿದ ನಮ್ಮ ಪೂರ್ವಿಕರು ನ್ಯಾನೋಕಣಗಳ ವಿಜ್ಞಾನವನ್ನು ಬಲ್ಲವರಾಗಿದ್ದರೆಂದು ಸಭೆಗಳಲ್ಲಿಯೂ ಪತ್ರಿಕೆಗಳಲ್ಲಿಯೂ ಹೇಳುವವರು ಈಚೆಗೆ ಹೆಚ್ಚಿದ್ದಾರೆ. ಪ್ರಮಾಣವಾಗಿ ಅವರು ಮುಂದಿಡುವುದು ಭಸ್ಮಪರೀಕ್ಷೆಗಳನ್ನು. ಸಿದ್ಧವಾದ ಭಸ್ಮವನ್ನು ಬೆರಳುಗಳ ನಡುವೆ ತಿಕ್ಕಿದರೆ ಅದು ಚರ್ಮದ ಗೆರೆಗಳಲ್ಲಿ ಸೇರಿಕೊಳ್ಳಬೇಕು, ಇದು ರೇಖಾಪೂರ್ಣತೆ. ನಿಶ್ಚಲವಾದ ನೀರಿನ ಮೇಲೆ ಉದುರಿಸಿದರೆ ತೇಲಬೇಕು, ಇದು ವಾರಿತರತ್ವ. ಇವು ನಯವಾದ ಪುಡಿಯನ್ನು ಒರಟಾದುದರಿಂದ ಬೇರ್ಪಡಿಸುವುದಕ್ಕೆ ಜಾಣತನದ ಉಪಾಯಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆರಳಿನ ಗೆರೆಯ ಅಗಲಕ್ಕೆ ಹೋಲಿಸಿದರೆ ನ್ಯಾನೋಕಣವು ಸಾವಿರಾರು ಪಾಲು ಕಿರಿದು. ನ್ಯಾನೋಕಣಕ್ಕಿಂತ ನೂರು ಪಾಲು ದೊಡ್ಡದಾದ ಪುಡಿಯೂ ಆ ಗೆರೆಯಲ್ಲಿ ಸುಖವಾಗಿ ಅಡಗುತ್ತದೆ. ನೀರಿನ ಮೇಲೆ ತೇಲುವುದಾದರೋ ನೀರಿನ ಮೇಲ್ಪೊರೆಯ ಬಿಗಿತವನ್ನೂ ಪುಡಿಯ ಮೈಗುಣವನ್ನೂ ಅವಲಂಬಿಸಿದ್ದು. ಈ ಪರೀಕ್ಷೆಗಳಲ್ಲಿ ಉತ್ತೀರ್ಣವಾದ ಭಸ್ಮದಲ್ಲಿ ನ್ಯಾನೋಕಣಗಳು ಇದ್ದರೂ ಇರಬಹುದು. ಇವೆಯೆಂಬುದನ್ನು ಪರೀಕ್ಷೆಯು ಹೇಳಲಾರದು. ಬಣ್ಣವನ್ನು ಕಾಣುವುದು ಒಂದು, ಬಣ್ಣವನ್ನು ಅಳೆಯುವುದು ಮತ್ತೊಂದು. ನಮ್ಮ ನಾಡಿನಲ್ಲಿ ಈ ಎರಡನೆಯ ಕೆಲಸವು ಯಾವಾಗ, ಯಾರಿಂದ ನಡೆಯಿತೆಂಬುದನ್ನು ಮರೆತು ಮೊದಲನೆಯದಕ್ಕೆ ಇಲ್ಲದ ಕೀರ್ತಿಯನ್ನು ಕಟ್ಟುವುದು ಇಬ್ಬರಿಗೂ ಅನ್ಯಾಯ.

ಇಲ್ಲಿ ಶಬ್ದದ ವಿಷಯವಾಗಿ ಒಂದು ಮಾತು. ಬೆಳಕನ್ನು ಅಶ್ರದಿಂದ ಬಿಡಿಸಿದಾಗ ಕಾಣುವ ಬಣ್ಣಗಳ ಪಟ್ಟಿಗೆ ವರ್ಣಪಟಲವೆಂದೂ ರೋಹಿತವೆಂದೂ ಕನ್ನಡದಲ್ಲಿ ಎರಡು ಹೆಸರುಗಳು ನಡೆದಿವೆ. ರೋಹಿತವೆಂದರೆ ಕೆಂಪೆಂಬ ಅರ್ಥವನ್ನೇ ಬಲ್ಲವರು ಈ ಪ್ರಯೋಗವನ್ನು ಆಕ್ಷೇಪಿಸಿದರೂ ಆಕ್ಷೇಪಿಸಬಹುದು. ಆದರೆ ಅಮರಸಿಂಹನು ಇಂದ್ರಧನುಸ್ಸಿನ ಪರ್ಯಾಯಪದಗಳನ್ನು ಹೇಳುವಲ್ಲಿ, ಬಾಗದೆ ನೇರವಾಗಿರುವ ಇಂದ್ರಧನುಸ್ಸಿಗೆ ರೋಹಿತವೆಂಬ ಹೆಸರನ್ನು ಕೊಟ್ಟಿದ್ದಾನೆ. ಪರದೆಯ ಮೇಲೆ ನೆಟ್ಟಗೆ ಬೀಳುವ ಬಣ್ಣದ ಪಟ್ಟಿಗೆ ಇದಕ್ಕಿಂತ ಒಪ್ಪುವ ಪದವನ್ನು ಹುಡುಕುವುದು ಕಷ್ಟ.

ಇಂಥ ಪದಗಳ ಅವಶ್ಯಕತೆಯನ್ನು ಮೊದಲು ಮನಗಂಡವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ಮುಖ್ಯರು. ಸಾಹಿತ್ಯದ ಅಧ್ಯಾಪಕರು ಅವರನ್ನು ೧೯೩೧ ರಲ್ಲಿ ಪರಿಷತ್ತಿನಿಂದ ಹೊರಬಂದ ಪಂಪಭಾರತದ ಸಂಪಾದಕರೆಂದು ಬಲ್ಲರು. ಆದರೆ ಅವರ ವೃತ್ತಿಯು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಬೋಧನೆ. ೧೯೧೮ ರಲ್ಲಿ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ವಿಜ್ಞಾನವೆಂಬ ಮಾಸಪತ್ರಿಕೆಯನ್ನು ಕನ್ನಡದಲ್ಲಿ ಪ್ರಾರಂಭಿಸಿದರು. ಪತ್ರಿಕೆಯು ಬಹುಕಾಲ ಬಾಳಲಿಲ್ಲ.

ಅದೇ ಕಾಲೇಜಿನಲ್ಲಿ, ಅದೇ ಶಾಸ್ತ್ರದ ವಿಭಾಗದಲ್ಲಿ, ಬಿ. ವೆಂಕಟೇಶಾಚಾರ್ಯರು ವರ್ಣಪಟಲದ ಗೆರೆಗಳನ್ನು ಅತಿಸೂಕ್ಷ್ಮವಾಗಿ ಬಿಡಿಸಿ ನೋಡುವ ಕೆಲಸವನ್ನು ಕೈಗೊಂಡಿದ್ದರು. ಕಣ್ಣಿಗೆ ಒಂದೇ ಎಂದು ತೋರುವ ಗೆರೆಯು ಸೂಕ್ಷ್ಮಯಂತ್ರದಲ್ಲಿ ಹಲವು ಎಳೆಗಳಾಗಿ ಕಾಣಬಹುದು. ಎಳೆಗಳ ಅಂತರವೂ ಕಾಂತಿಯೂ ಪರಮಾಣುವಿನ ಗರ್ಭದ ಸುದ್ದಿಯನ್ನು ತಿಳಿಸುತ್ತವೆ. ೧೯೩೫ ರಲ್ಲಿ ವೆಂಕಟೇಶಾಚಾರ್ಯರೂ ಎಲ್. ಸಿಬಯ್ಯನವರೂ ಇರಿಡಿಯಮ್ ಧಾತುವಿನ ಗೆರೆಗಳನ್ನು ಹೀಗೆ ಪರೀಕ್ಷಿಸಿ, ಆ ಧಾತುವಿನಲ್ಲಿ ೧೯೧ ಮತ್ತು ೧೯೩ ಎಂಬ ತೂಕದ ಎರಡು ಸಮಸ್ಥಾನಿಗಳಿವೆಯೆಂದೂ ಭಾರವಾದುದರ ಪಾಲು ಹೆಚ್ಚೆಂದೂ ಸಾರಿದರು. ಪರಮಾಣುಗಳನ್ನು ನೇರವಾಗಿ ತೂಗುವ ಯಂತ್ರದಿಂದ ಅನಂತರ ಇದು ದೃಢಪಟ್ಟಿತು. ಈಗಿನ ಗಣನೆಯಲ್ಲಿ ಅವುಗಳ ಪಾಲು ನೂರಕ್ಕೆ ೩೭ ಮತ್ತು ೬೩. ಜಗತ್ತಿನ ಧಾತುಗಳ ಸಮಸ್ಥಾನಿಗಳನ್ನು ಯಾರು ಯಾರು ಕಂಡುಹಿಡಿದರೆಂಬ ಪಟ್ಟಿಯಲ್ಲಿ ಬೆಂಗಳೂರಿನ ಈ ಇಬ್ಬರ ಹೆಸರು ನಿಂತಿದೆ. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಬಲ್ಲರು? ಆ ದಿನಗಳಲ್ಲಿ ಬೆಂಗಳೂರಿಗೆ ಬರುತ್ತಿದ್ದ ವಿದ್ಯುತ್ತು ಶಿವನಸಮುದ್ರದ್ದೆಂಬುದನ್ನೂ ಹೇಳಬೇಕು. ೧೯೦೨ ರಲ್ಲಿ ಕೋಲಾರದ ಚಿನ್ನದ ಗಣಿಗಾಗಿ ಪ್ರಾರಂಭವಾದ ಆ ಶಕ್ತಿಯು ೧೯೦೫ ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ನಂಜನಗೂಡನ್ನು ದಾಟಿಬಂದ ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ತಲಕಾಡಿನ ಮರಳನ್ನು ಬಳಸಿ, ಆ ಜಲಪಾತದಲ್ಲಿ ಧುಮುಕುತ್ತದೆ. ಗುಂಜಾನರಸಿಂಹನ ಪಾದವನ್ನು ತೊಳೆದ ನೀರೇ ವರ್ಣಶೋಧಕರ ನಗರಕ್ಕೆ ದೀಪವಾಯಿತು.

ಸೆಂಟ್ರಲ್ ಕಾಲೇಜಿನಿಂದ ಕೆಲವೇ ಮೈಲಿಗಳಾಚೆ, ಭಾರತೀಯ ವಿಜ್ಞಾನಸಂಸ್ಥೆಗೆ ೧೯೩೩ ರಲ್ಲಿ ಸಿ. ವಿ. ರಾಮನ್ನರು ನಿರ್ದೇಶಕರಾಗಿ ಬಂದರು. ಇವರ ಕಾಲದಲ್ಲಿ ವರ್ಣಶೋಧನೆಯು ಬಿಡಿ ಪರಮಾಣುವಿನಿಂದ ಘನವಾದ ಹರಳಿನ ಕಡೆಗೆ ತಿರುಗಿತು. ೧೯೪೦ ರ ಮೊದಲಿಟ್ಟು ಅವರ ಶಿಷ್ಯರು ವಜ್ರಗಳನ್ನು ಸಂಗ್ರಹಿಸಿ ಅವು ಹೀರುವ ಮತ್ತು ಹೊರಸೂಸುವ ಬೆಳಕನ್ನು ಚಿತ್ರಫಲಕಗಳಲ್ಲಿ ಹಿಡಿದರು. ವಜ್ರದ ಅಂತರವು ೫.೫ ಎಲೆಕ್ಟ್ರಾನ್ ವೋಲ್ಟ್. ಆದುದರಿಂದ ಶುದ್ಧವಾದ ವಜ್ರವು ಸುಮಾರು ೨೨೫ ನ್ಯಾನೋಮೀಟರಿನವರೆಗೂ ಪಾರದರ್ಶಕ. ಆದರೆ ಬಹುಪಾಲು ವಜ್ರಗಳು ೩೦೦ ರ ಹತ್ತಿರವೇ ಬೆಳಕನ್ನು ತಡೆಯುತ್ತಿದ್ದವು. ಪರಮಾಣುಗಳ ಜೋಡಣೆಯಲ್ಲಿಯೇ ಎರಡು ಬಗೆಗಳಿವೆಯೆಂದು ರಾಮನ್ನರು ಕಾರಣವನ್ನು ಹೇಳಿದರು. ಅದು ನಿಲ್ಲಲಿಲ್ಲ. ವಜ್ರದಲ್ಲಿ ಅಡಗಿದ ಸಾರಜನಕವೇ ಕಾರಣವೆಂಬುದು ೧೯೫೯ ರಲ್ಲಿ ಕೈಸರ್ ಮತ್ತು ಬಾಂಡ್ ಎಂಬುವರಿಂದ ಸಿದ್ಧವಾಯಿತು. ಮರಕತದಲ್ಲಿದ್ದಂತೆ ಇಲ್ಲಿಯೂ ಅತಿಥಿಯ ಕೈವಾಡವೇ! ಆದರೆ ಫಲಕಗಳಲ್ಲಿ ಅಳೆದ ಅಂಕಿಗಳು ಸಿದ್ಧಾಂತದೊಡನೆ ಬಿದ್ದುಹೋಗಲಿಲ್ಲ.

ಆ ಅಂಕಿಗಳನ್ನು ಅಳೆದವರಲ್ಲಿ ಅಣ್ಣಾ ಮಣಿಯವರೊಬ್ಬರು. ೧೯೪೦ ರಲ್ಲಿ ಸಂಸ್ಥೆಗೆ ಬಂದ ಆಕೆ ಮೂವತ್ತಕ್ಕೂ ಮಿಕ್ಕ ವಜ್ರಗಳ ದೀಪ್ತಿಯನ್ನು ಪರೀಕ್ಷಿಸಿದರು. ಮಂದವಾದ ಆ ಬೆಳಕು ಫಲಕದಲ್ಲಿ ಮೂಡುವುದಕ್ಕೆ ಹದಿನೈದು ಇಪ್ಪತ್ತು ಗಂಟೆಗಳು ಹಿಡಿಯುತ್ತಿದ್ದುದರಿಂದ ರಾತ್ರಿಗಳನ್ನೂ ಪ್ರಯೋಗಶಾಲೆಯಲ್ಲಿಯೇ ಕಳೆಯಬೇಕಾಗುತ್ತಿತ್ತು. ೧೯೪೨ ರಿಂದ ೧೯೪೫ ರೊಳಗೆ ಐದು ಪ್ರಬಂಧಗಳನ್ನು ತಾವೊಬ್ಬರೇ ಬರೆದು ಪ್ರಕಟಿಸಿದರು. ೧೯೪೫ ರಲ್ಲಿ ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಮಹಾಪ್ರಬಂಧಕ್ಕೆ, ಆಕೆಗೆ ಎಂ. ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ, ಡಾಕ್ಟರ್ ಪದವಿಯು ದೊರೆಯಲಿಲ್ಲ. ಮುಂದೆ ಹವಾಶಾಸ್ತ್ರದಲ್ಲಿ ಆಕೆ ಪಡೆದ ಹೆಸರನ್ನು ಎಲ್ಲರೂ ಬಲ್ಲರು. ವಜ್ರದ ಕೆಲಸವೊಂದೇ ಆ ಪದವಿಗೆ ಸಾಕಾಗಿತ್ತೆಂಬುದು ನಮ್ಮ ಅಭಿಪ್ರಾಯ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಪರಮಾಣುವಿನ ಇಲ್ಲವೆ ದೊಡ್ಡ ಹರಳಿನ ಮಾತು. ಎರಡರ ನಡುವಣ ಕಣದ ವಿಷಯವೇನು? ಒಂದೇ ವಸ್ತುವು ಕಣದ ಗಾತ್ರಕ್ಕೆ ತಕ್ಕಂತೆ ಬಣ್ಣವನ್ನು ಬದಲಿಸಬಹುದೆಂಬುದನ್ನು ಮೈಕೇಲ್ ಫ್ಯಾರಡೆಯು ೧೮೫೭ ರಲ್ಲಿಯೇ ಚಿನ್ನದ ವಿಷಯದಲ್ಲಿ ಹೇಳಿದ್ದನು. ಆದರೆ ಚಿನ್ನವು ವಾಹಕ. ಅದರ ಕೆಂಪಿಗೆ ಕಾರಣವೇ ಬೇರೆ. ಅರೆವಾಹಕದಲ್ಲಿ ಗಾತ್ರದ ಪ್ರಭಾವವನ್ನು ೧೯೮೧ ರಲ್ಲಿ ಲೆನಿನ್‌ಗ್ರಾಡಿನ ಅಲೆಕ್ಸೈ ಎಕಿಮೊವನು ತಾಮ್ರದ ಕ್ಲೋರೈಡು ಬೆರೆತ ಗಾಜಿನಲ್ಲಿ ತೋರಿಸಿದನು. ಗಾಜನ್ನು ೫೦೦ ರಿಂದ ೭೦೦ ಡಿಗ್ರಿಗಳ ಕಾವಿನಲ್ಲಿ ಒಂದು ಗಂಟೆಯಿಂದ ತೊಂಬತ್ತಾರು ಗಂಟೆಗಳವರೆಗೆ ಇರಿಸಿ, ೨ ರಿಂದ ೩೦ ನ್ಯಾನೋಮೀಟರುಗಳ ಕಣಗಳನ್ನು ಬೆಳೆಸಿ ನೋಡಿದಾಗ, ಕಣವು ಕಿರಿದಾದಷ್ಟೂ ಅದು ಹೀರುವ ಬೆಳಕು ನೀಲಿಯ ಕಡೆಗೆ ಸರಿಯಿತು. ವಾಲುಕಾಯಂತ್ರದ ಕ್ರಮಾಗ್ನಿಯನ್ನು ಬಲ್ಲವರಿಗೆ ಈ ವಿಧಾನವು ಹೊಸದೆನಿಸದು. ಹೊಸದಾದದ್ದು ಪ್ರತಿಯೊಂದು ಪಾಕವನ್ನೂ ಅಂಕಿಯಿಂದ ಗುರುತಿಸಿದ್ದು. ಎರಡು ವರ್ಷಗಳ ತರುವಾಯ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಲೂಯಿ ಬ್ರೂಸನು ದ್ರವದಲ್ಲಿ ತೇಲುವ ಕ್ಯಾಡ್ಮಿಯಂ ಗಂಧಕಿದದ ಕಣಗಳಲ್ಲಿ ಇದನ್ನೇ ಕಂಡನು. ಮಾಡಿ ಇಟ್ಟಿದ್ದ ದ್ರಾವಣವು ತಾನಾಗಿಯೇ ಗುಣವನ್ನು ಬದಲಿಸಿದುದನ್ನು ಕಂಡು ಶೋಧಿಸಲಾಗಿ, ೪.೫ ನ್ಯಾನೋಮೀಟರಿದ್ದ ಕಣಗಳು ೧೨.೫ ಆಗಿ ಬೆಳೆದಿದ್ದುವು! ೧೯೯೩ ರಲ್ಲಿ ಮೌಂಜಿ ಬವೆಂಡಿಯ ತಂಡದವರು ಒಂದೇ ಗಾತ್ರದ ಕಣಗಳನ್ನು ಮಾಡುವ ಬಗೆಯನ್ನು ಹೇಳಿಕೊಟ್ಟರು. ಈ ಮೂವರಿಗೂ ೨೦೨೩ ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು.

ಗಾತ್ರ ಕಿರಿದಾದರೆ ಅಂತರವು ಹಿರಿದಾಗುವುದೇಕೆ? ವೀಣೆಯನ್ನು ಬಲ್ಲವರಿಗೆ ಹೇಳುವುದು ಸುಲಭ. ತಂತಿಯನ್ನು ನಡುವಿನ ಮೆಟ್ಟಿನಲ್ಲಿ ಒತ್ತಿ ಅರ್ಧ ಮಾಡಿದರೆ ಶ್ರುತಿಯು ಎರಡರಷ್ಟಾಗಿ ಮೇಲಿನ ಸ್ಥಾಯಿಯ ಷಡ್ಜವು ನುಡಿಯುತ್ತದೆ. ಎಲೆಕ್ಟ್ರಾನು ಹರಳಿನೊಳಗೆ ಅಲೆಯಂತೆ ವರ್ತಿಸುವುದರಿಂದ, ಅದನ್ನು ಇಕ್ಕಟ್ಟಾದ ಸ್ಥಳದಲ್ಲಿ ಕೂಡಿಹಾಕಿದರೆ ಅದರ ಅಲೆಯೂ ಕುಗ್ಗಬೇಕಾಗುತ್ತದೆ. ಭೇದವೇನೆಂದರೆ, ಸ್ಥಳವನ್ನು ಅರ್ಧಕ್ಕಿಳಿಸಿದರೆ ಎಲೆಕ್ಟ್ರಾನಿನ ಈ ಶಕ್ತಿಯು ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಮೇಲಕ್ಕೇರಿದ ಎಲೆಕ್ಟ್ರಾನೂ ಅದು ಬಿಟ್ಟುಬಂದ ತೆರಪೂ ಒಂದನ್ನೊಂದು ಸೆಳೆಯುವುದರಿಂದ ಇದರಲ್ಲಿ ಸ್ವಲ್ಪ ಭಾಗವು ಕಳೆದುಹೋಗುತ್ತದೆ. ಈ ಕೂಡುವ ಕಳೆಯುವ ಲೆಕ್ಕವನ್ನು ಬ್ರೂಸನು ಒಂದು ಸೂತ್ರದಲ್ಲಿ ಅಡಕಮಾಡಿದನು. ಇದಲ್ಲದೆ ಒತ್ತಾಗಿದ್ದ ಪಟ್ಟೆಗಳು ಸಣ್ಣ ಕಣದಲ್ಲಿ ಸಡಿಲಗೊಂಡು ಮತ್ತೆ ಬಿಡಿಬಿಡಿ ಮೆಟ್ಟಿಲುಗಳಾಗತೊಡಗುತ್ತವೆ.

ಅಳೆಯುವ ಕ್ರಮವು ಹೇಳುವುದಕ್ಕೆ ಸರಳ. ಕಣಗಳು ತೇಲುವ ದ್ರವವನ್ನು ಕಲ್ಲುಗಾಜಿನ ಚಿಕ್ಕ ಪಾತ್ರೆಯಲ್ಲಿ ತುಂಬಿ, ಬಿಡಿಸಿದ ಬೆಳಕನ್ನು ಬಣ್ಣದಿಂದ ಬಣ್ಣಕ್ಕೆ ಸರಿಸುತ್ತ ಅದರ ಮೂಲಕ ಹಾಯಿಸಿ, ಒಳಹೋದುದೆಷ್ಟು ಹೊರಬಂದುದೆಷ್ಟು ಎಂದು ನೋಡುವುದು. ಹೀರಿಕೆಯು ಥಟ್ಟನೆ ಏರುವ ಅಂಚಿನ ಅಲೆಯುದ್ದವು ನ್ಯಾನೋಮೀಟರುಗಳಲ್ಲಿ ತಿಳಿದರೆ, ೧೨೪೦ ನ್ನು ಅದರಿಂದ ಭಾಗಿಸಲು ಅಂತರವು ಎಲೆಕ್ಟ್ರಾನ್ ವೋಲ್ಟುಗಳಲ್ಲಿ ದೊರೆಯುತ್ತದೆ. ಕ್ಯಾಡ್ಮಿಯಂ ಗಂಧಕಿದದ ದೊಡ್ಡ ಹರಳಿನ ಅಂಚು ೫೧೨ ರಲ್ಲಿ, ಅಂತರ ೨.೪೨. ಆದುದರಿಂದಲೇ ಅದು ಅರಿಸಿನದಂತೆ ಹಳದಿ. ಕಣವು ೪ ನ್ಯಾನೋಮೀಟರಿಗಿಳಿದಾಗ ಅಂಚು ೪೨೦ ರ ಸಮೀಪಕ್ಕೆ ಸರಿದು ಹಳದಿಯು ತೆಳುವಾಗುತ್ತದೆ. ೨ ಕ್ಕಿಳಿದಾಗ ನೇರಿಳೆಯನ್ನೂ ದಾಟಿಹೋಗಿ ದ್ರವವು ನೀರಿನಂತೆ ಬಣ್ಣಗೆಡುತ್ತದೆ. ಆದರೆ ಇಲ್ಲಿ ಎರಡು ತೊಡಕುಗಳಿವೆ. ಒಂದೇ ಪಾತ್ರೆಯಲ್ಲಿ ನಾನಾ ಗಾತ್ರದ ಕಣಗಳಿದ್ದರೆ ನಾನಾ ಅಂಚುಗಳು ಒಂದರ ಮೇಲೊಂದು ಬಿದ್ದು ಕದಡಿದ ಚಿತ್ರವು ಬರುತ್ತದೆ. ಇದು ಕೈಚಳಕದ ತೊಡಕು. ಎರಡನೆಯದು ತರ್ಕದ್ದು. ಬೆಳಕು ಹೇಳುವುದು ಕೆಳಪಟ್ಟೆಗೂ ಮೇಲ್ಪಟ್ಟೆಗೂ ನಡುವಣ ವ್ಯತ್ಯಾಸವನ್ನು ಮಾತ್ರ. ಕೆಳಗಿನದು ಎಷ್ಟು ತಗ್ಗಿತು, ಮೇಲಿನದು ಎಷ್ಟು ಏರಿತು ಎಂಬುದನ್ನು ಅದು ಬೇರೆ ಬೇರೆಯಾಗಿ ಹೇಳುವುದಿಲ್ಲ. ಅದನ್ನು ಸಿದ್ಧಾಂತದಿಂದ ಊಹಿಸಬೇಕು. ಅಷ್ಟೇ ಅಲ್ಲ, ಅಂಚಿನಿಂದ ಸೂತ್ರದ ಮೂಲಕ ಗಾತ್ರವನ್ನು ಎಣಿಸಿ, ಆ ಗಾತ್ರದಿಂದಲೇ ಸೂತ್ರವನ್ನು ಸಮರ್ಥಿಸಿಕೊಂಡರೆ ಅನ್ಯೋನ್ಯಾಶ್ರಯದೋಷವು ಬರುತ್ತದೆ. ಗಾತ್ರವನ್ನು ಕ್ಷಕಿರಣಗಳಿಂದಲೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದಲೋ ಸ್ವತಂತ್ರವಾಗಿ ಅಳೆಯಲೇಬೇಕು.

ಈ ಎರಡನೆಯ ತೊಡಕನ್ನು ಬಿಡಿಸುವಲ್ಲಿ ಬೆಂಗಳೂರಿನವರ ಕೆಲಸವು ಗಣ್ಯವಾದುದು. ಮೈಸೂರು ವಿಶ್ವವಿದ್ಯಾನಿಲಯದಿಂದ, ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿ, ೧೯೫೧ ರಲ್ಲಿ ಬಿ. ಎಸ್‌ಸಿ. ಪದವಿಯನ್ನು ಪಡೆದ ಸಿ. ಎನ್. ಆರ್. ರಾಯರು ೧೯೬೧ ರಲ್ಲಿ ನೇರಿಳಾತೀತ ಮತ್ತು ದೃಗ್ಗೋಚರ ವರ್ಣಶೋಧನೆಯ ರಾಸಾಯನಿಕ ಉಪಯೋಗಗಳನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ೧೯೭೬ ರಲ್ಲಿ ವಿಜ್ಞಾನಸಂಸ್ಥೆಯಲ್ಲಿ ಘನಸ್ಥಿತಿಯ ಮತ್ತು ರಾಚನಿಕ ರಸಾಯನದ ವಿಭಾಗವನ್ನು ಸ್ಥಾಪಿಸಿದವರೂ ಇವರೇ. ಆ ವಿಭಾಗದಲ್ಲಿ ರಾಯರ ಶಿಷ್ಯರಾಗಿದ್ದು ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದ ಡಿ. ಡಿ. ಶರ್ಮರೂ ಅವರ ಸಂಗಡಿಗರೂ ಸತುವಿನ ಮತ್ತು ಕ್ಯಾಡ್ಮಿಯಮ್ಮಿನ ಗಂಧಕಿದಗಳನ್ನು ಗಾತ್ರವನ್ನು ಹಿಡಿತದಲ್ಲಿಟ್ಟುಕೊಂಡು ತಯಾರಿಸಿ, ಬೆಳಕಿನಿಂದಲೂ ಕ್ಷಕಿರಣಗಳಿಂದಲೂ ಪರೀಕ್ಷಿಸಿದರು.

ಬ್ರೂಸನ ಸೂತ್ರವು ಎಲೆಕ್ಟ್ರಾನಿನ ಭಾರವು ದೊಡ್ಡ ಹರಳಿನಲ್ಲಿದ್ದಂತೆಯೇ ಇರುವುದೆಂದು ಭಾವಿಸುತ್ತದೆ. ಪಟ್ಟೆಯ ತಳದ ಸಮೀಪದಲ್ಲಿ ಅದು ಸರಿ. ಆದರೆ ಕಣವು ಎರಡು ಮೂರು ನ್ಯಾನೋಮೀಟರಿಗಿಳಿದಾಗ ಎಲೆಕ್ಟ್ರಾನು ತಳವನ್ನು ಬಿಟ್ಟು ಬಹಳ ಮೇಲಕ್ಕೆ ಹೋಗಿರುತ್ತದೆ, ಅಲ್ಲಿ ಪಟ್ಟೆಯ ವಕ್ರತೆಯೇ ಬೇರೆ. ಆದಕಾರಣ ಸೂತ್ರವು ಹೇಳುವ ಅಂತರವು ಅಳೆದುದಕ್ಕಿಂತ ಬಹಳ ಹೆಚ್ಚಾಗಿಬಿಡುತ್ತದೆ. ಸಮೀರ್ ಸಪ್ರಾ ಮತ್ತು ಶರ್ಮರು ೨೦೦೪ ರಲ್ಲಿ ಬೇರೊಂದು ದಾರಿಯನ್ನು ಹಿಡಿದರು. ಒಂದೊಂದು ಪರಮಾಣುವಿನ ಎಲೆಕ್ಟ್ರಾನ್ ಕಕ್ಷೆಗಳನ್ನೇ ಇಟ್ಟಿಗೆಗಳಂತೆ ಜೋಡಿಸಿ, ಮೊದಲು ದೊಡ್ಡ ಹರಳಿನ ಪಟ್ಟೆಗಳು ಸರಿಯಾಗಿ ಬರುವಂತೆ ಲೆಕ್ಕವನ್ನು ತಾಳೆಮಾಡಿ, ಅನಂತರ ಅದೇ ಲೆಕ್ಕದಿಂದ ಸಣ್ಣ ಕಣಗಳನ್ನು ಕಟ್ಟಿದರು. ಸತು ಕ್ಯಾಡ್ಮಿಯಮ್ಮುಗಳ ಗಂಧಕಿದ, ಸೆಲೆನಿದ, ಟೆಲ್ಲೂರಿದಗಳಿಗೆ ಹೀಗೆ ದೊರೆತ ಅಂತರಗಳು ಪ್ರಯೋಗದ ಅಂಕಿಗಳಿಗೆ ಹೆಚ್ಚು ಸಮೀಪವಾದುವು. ಕೆಳಪಟ್ಟೆಯ ಮತ್ತು ಮೇಲ್ಪಟ್ಟೆಯ ಸರಿತಗಳೂ ಪ್ರತ್ಯೇಕವಾಗಿ ದೊರೆತುವು. ಮರುವರ್ಷ ರಂಜನಿ ವಿಶ್ವನಾಥ ಮೊದಲಾದವರು ಇದನ್ನು ಬೇರೆ ಜಾತಿಯ ಅರೆವಾಹಕಗಳಿಗೂ ವಿಸ್ತರಿಸಿದರು. ಬೆಳಕು ಹೇಳದೆ ಬಿಟ್ಟದ್ದನ್ನು ಹೀಗೆ ಗಣಿತವು ಹೇಳಿತು; ಗಣಿತವು ಎಲ್ಲಿ ತಪ್ಪಿದೆಯೆಂಬುದನ್ನು ಬೆಳಕೇ ತೋರಿಸಿಕೊಟ್ಟಿತು.

ಮರಕತದ ಅತಿಥಿಯ ಮಾತೂ ಇಲ್ಲಿ ಮತ್ತೆ ಬಂದಿದೆ. ನ್ಯಾನೋಕಣದೊಳಕ್ಕೆ ಮ್ಯಾಂಗನೀಸಿನ ಕೆಲವು ಪರಮಾಣುಗಳನ್ನು ಸೇರಿಸಿದರೆ ಕಣವು ಹೀರಿದ ಶಕ್ತಿಯನ್ನು ಅತಿಥಿಗೆ ಒಪ್ಪಿಸುತ್ತದೆ, ಅತಿಥಿಯು ಅದನ್ನು ಕಿತ್ತಿಳೆಯ ಬಣ್ಣದ ಬೆಳಕಾಗಿ ಹೊರಗೆಡಹುತ್ತದೆ. ಸಣ್ಣ ಕಣಗಳು ಇಂಥ ಅತಿಥಿಗಳನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಪರಮಾಣುಗಳ ನಡುವಣ ಅಂತರವನ್ನು, ಸತುವನ್ನೂ ಕ್ಯಾಡ್ಮಿಯಮ್ಮನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸುವುದರಿಂದ ಹೊಂದಿಸಿಕೊಟ್ಟರೆ ಅತಿಥಿಗೆ ಎಡೆ ದೊರೆಯುವುದೆಂದು ಶರ್ಮರ ತಂಡದವರು ೨೦೦೮ ರಲ್ಲಿ ತೋರಿಸಿದರು.

ಇನ್ನು ಭಸ್ಮದ ವಾದಕ್ಕೆ ಹಿಂದಿರುಗಬಹುದು. ರಸಸಿಂಧೂರದಲ್ಲಿ ನ್ಯಾನೋಗಾತ್ರದ ಪರಿಣಾಮವಿದೆಯೋ ಇಲ್ಲವೋ ಎಂಬುದನ್ನು ವಾಗ್ವಾದದಿಂದ ತೀರಿಸಬೇಕಾಗಿಲ್ಲ. ಪುಡಿಯಲ್ಲಿ ಕೆಲವು ಹತ್ತು ನ್ಯಾನೋಮೀಟರುಗಳ ಹರಳುಗಳು ಕಂಡುಬಂದರೂ ಅಷ್ಟರಿಂದಲೇ ವಾದವು ಗೆಲ್ಲುವುದಿಲ್ಲ. ಏಕೆಂದರೆ ಪಟ್ಟೆಗಳ ಅಂತರವು ಗಾತ್ರದಿಂದ ಬದಲಾಗುವುದು ಹರಳು ಕೆಲವೇ ನ್ಯಾನೋಮೀಟರುಗಳಿಗೆ ಇಳಿದ ಮೇಲೆ. ಪುಡಿಯ ಮೇಲೆ ಬಿದ್ದು ಚದರಿಬರುವ ಬೆಳಕನ್ನು ಬಿಡಿಸಿ ನೋಡಬೇಕು. ಅಂಚು ೬೦೦ ನ್ಯಾನೋಮೀಟರಿನ ಆಚೀಚೆಯಲ್ಲಿಯೇ ಇದ್ದರೆ ಅದು ದೊಡ್ಡ ಹರಳಿನ ಗುಣವನ್ನೇ ತೋರುವ ಸಿಂಧೂರ. ಅದೇ ಅಂಚು ಹಸುರಿನ ಕಡೆಗೆ ಸರಿದು, ಕೆಂಪು ಕಿತ್ತಿಳೆಯಾಗಿ, ಸ್ವತಂತ್ರವಾಗಿ ಅಳೆದ ಗಾತ್ರವೂ ಆ ಸರಿತಕ್ಕೆ ಹೊಂದಿದರೆ ಮಾತ್ರ ವಾದಕ್ಕೆ ಆಧಾರವುಂಟು. ಆದರೆ ರಸಗ್ರಂಥಗಳನ್ನು ಬಲ್ಲ ವೈದ್ಯನು ಕಿತ್ತಿಳೆಯ ಬಣ್ಣಕ್ಕೆ ತಿರುಗಿದ ಸಿಂಧೂರವನ್ನು ಪಾಕ ಕೆಟ್ಟಿತೆಂದು ಕುಪ್ಪಿಸಹಿತ ಬದಿಗಿಡುವ ಸಂಭವವೇ ಹೆಚ್ಚು.